ಬ್ಲ್ಯಾಕ್‌ವಾಟರ್ ಎಂದರೆ ಚೊಗರುನೀರು

ಕಂದು ಬಣ್ಣ ಕಂಡ ತೊಟ್ಟಿಗೆಲ್ಲ 'ಬ್ಲ್ಯಾಕ್‌ವಾಟರ್' ಎನ್ನುವುದು ಈಗ ಅಕ್ವೇರಿಯಂ ಅಂಗಡಿಗಳಲ್ಲೂ ಮೀನು ಸಾಕುವವರ ವಾಟ್ಸಾಪ್ ಗುಂಪುಗಳಲ್ಲೂ ರೂಢಿಯಾಗಿಬಿಟ್ಟಿದೆ. ಬೋರ್‌ವೆಲ್ ನೀರಿಗೆ ಎರಡು ಕಾಡುಬಾದಾಮಿ ಎಲೆ ಹಾಕಿದರೆ ಸಿಗುವುದು ಬಣ್ಣ ಬಂದ ಬೋರ್‌ವೆಲ್ ನೀರು, ಅಷ್ಟೇ. ಅದನ್ನು ನಂಬಿ, ನಿಜವಾದ ಬ್ಲ್ಯಾಕ್‌ವಾಟರಿನ ಮೀನಾದ ಎರಡು ಸೆಂಟಿಮೀಟರ್ ಉದ್ದದ ಚಿಲ್ಲಿ ರಸ್ಬೊರಾ ಬಿಟ್ಟರೆ ತೊಂದರೆ ಮೀನಿಗೆ.

ಪದ ಬಂದದ್ದು ನದಿಗಳಿಂದ. ಬ್ರೆಜಿಲ್‌ನ ರಿಯೋ ನೆಗ್ರೊ ಎಂದರೆ ಪೋರ್ಚುಗೀಸಿನಲ್ಲಿ ಕಪ್ಪು ನದಿ. ಜರ್ಮನ್ ವಿಜ್ಞಾನಿ ಹರಾಲ್ಡ್ ಸಿಯೋಲಿ ಅಮೆಜಾನ್ ನದಿಗಳನ್ನು ಬಿಳಿ, ತಿಳಿ, ಕಪ್ಪು ಎಂದು ಮೂರಾಗಿ ವಿಂಗಡಿಸಿದಾಗ ಈ ಹೆಸರು ಶಾಸ್ತ್ರದಲ್ಲೂ ನೆಲೆಯಾಯಿತು. ಮರಳುನೆಲದ ಕಾಡಿನಲ್ಲಿ ಎಲೆ, ತೊಗಟೆ ಕೊಳೆತು ಕಂದು ಬಣ್ಣ ಕೊಡುವ ಹ್ಯೂಮಿಕ್ ಆಮ್ಲ, ಟ್ಯಾನಿನ್ ಬಿಡುತ್ತವೆ. ಹಿಡಿದಿಟ್ಟುಕೊಳ್ಳಲು ಜೇಡಿಮಣ್ಣಿಲ್ಲದ ಕಾರಣ ಅವು ನೇರ ಹೊಳೆ ಸೇರುತ್ತವೆ. ಬೋರ್ನಿಯೊ, ಸುಮಾತ್ರಗಳ ಪೀಟ್ (ಅರೆಕೊಳೆತ ಗಿಡಮರಗಳ ಮಣ್ಣು) ಜೌಗುಕಾಡುಗಳಲ್ಲೂ ಇಂಥದೇ ನೀರು. 2006ರಲ್ಲಿ ಹೆಸರು ಪಡೆದ ಪೀಡೊಸಿಪ್ರಿಸ್ ಪ್ರೊಜೆನೆಟಿಕಾ ಎಂಬ ಪುಟ್ಟ ಮೀನು ಸುಮಾತ್ರದ ಈ ನೀರಿನದು. ಅದರ ಹೆಣ್ಣು 7.9 ಮಿಲಿಮೀಟರಿಗೇ ಪ್ರೌಢವಾಗುತ್ತದೆ.

ಇದನ್ನು ಕನ್ನಡಕ್ಕೆ ತರುವಾಗ 'ಕಪ್ಪು ನೀರು' ಎನ್ನುವುದು ಬೇಡ. ನೈರ್ಮಲ್ಯದವರ ಬ್ಲ್ಯಾಕ್‌ವಾಟರ್ ಎಂದರೆ ಶೌಚದ ನೀರು. ಬಾಟಲಿಯಲ್ಲಿ ಮಾರುವ ಕಪ್ಪು ಪಾನೀಯವೋ ಕ್ಷಾರೀಯ, ಆಮ್ಲೀಯವಾದ ನಮ್ಮದಕ್ಕೆ ತದ್ವಿರುದ್ಧ. 'ಕರಿನೀರು' ಎಂದರೆ ಅಂಡಮಾನಿನ ಶಿಕ್ಷೆ ನೆನಪಾಗುತ್ತದೆ. ಮಲೆನಾಡಿನಲ್ಲಿ ಸರಿಯಾದ ಪದ ಮೊದಲಿನಿಂದಲೂ ಇದೆ: ಚೊಗರು. ಸುಲಿದ ಹಸಿ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಗಂದು ರಸ ಅದು. ಅದರ ಬಣ್ಣಕ್ಕೂ ಒಗರಿಗೂ ಟ್ಯಾನಿನ್ನೇ ಕಾರಣ. ಹಾಗಾಗಿ 'ಚೊಗರುನೀರು' ಎಂದರೆ ಬಣ್ಣ ಎಲ್ಲಿಂದ ಬಂತು ಎನ್ನುವುದೂ ಹೆಸರಿನಲ್ಲೇ ತಿಳಿಯುತ್ತದೆ. (ಅಡಿಕೆ ಚೊಗರನ್ನೇ ತೊಟ್ಟಿಗೆ ಸುರಿಯಬೇಡಿ. ಅಡಿಕೆಯಲ್ಲಿರುವ ಅರೆಕೊಲಿನ್ ವಿಷ.)

ಆದರೆ ಚೊಗರು ಅರ್ಧ ಮಾತು. ಉಳಿದರ್ಧ, ನೀರಿನಲ್ಲಿ ಲವಣ ಇಲ್ಲದಿರುವುದು. ರಿಯೋ ನೆಗ್ರೊದ ವಿದ್ಯುದ್ವಾಹಕತೆ (ಲವಣ ಹೆಚ್ಚಿದಷ್ಟೂ ಇದು ಹೆಚ್ಚು) ಸೆಂಟಿಮೀಟರಿಗೆ 10 ಮೈಕ್ರೋಸೀಮೆನ್ಸ್ ಆಸುಪಾಸು, ಮಳೆನೀರಿಗೆ ಹತ್ತಿರ. ಗಡಸು ನೀರಿನ ಬೈಕಾರ್ಬನೇಟ್ ಎಲೆ ಬಿಟ್ಟ ಆಮ್ಲವನ್ನೆಲ್ಲ ನುಂಗಿಹಾಕುತ್ತದೆ: ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೂ ಪಿಎಚ್ ಕದಲುವುದಿಲ್ಲ. ಎಲೆ ಹೆಚ್ಚಿಸಿ ಪ್ರಯೋಜನವಿಲ್ಲ. ಮೊದಲು ನೀರು ಮೆದುವಾಗಬೇಕು.

ಶುದ್ಧ ಮಳೆನೀರು ಅಥವಾ ಆರ್‌ಓ ನೀರು ಬೇಕು. ಮನೆಯ ಆರ್‌ಓ ಆದರೆ ಮಿನರಲ್ ಅಥವಾ ಆಲ್ಕಲೈನ್ ಕಾರ್ಟ್ರಿಡ್ಜ್‌ಗೆ ಹೋಗುವ ಮುನ್ನವೇ ನೀರು ಹಿಡಿಯಿರಿ. ಟಿಡಿಎಸ್ ಕಂಟ್ರೋಲರ್ (ಕರಗಿದ ಲವಣದ ಮಟ್ಟ ಹೊಂದಿಸುವ ತಿರುಪು) ಇದ್ದರೆ ಪೂರ್ತಿ ಮುಚ್ಚಿ, ಇಲ್ಲವಾದರೆ ಶೋಧಿಸದ ನೀರು ಬೆರೆಯುತ್ತದೆ. 45×30×30 ಸೆಂ.ಮೀ. ತೊಟ್ಟಿಗೆ 40 ಲೀಟರ್ ಹಿಡಿಯುತ್ತದೆ, 12ರಿಂದ 15 ಚಿಲ್ಲಿ ರಸ್ಬೊರಾಗೆ ಸಾಕು. ಮೆಲ್ಲಗೆ ಗುಳ್ಳೆ ಬಿಡುವ ಸ್ಪಾಂಜ್ ಫಿಲ್ಟರ್ ಇರಲಿ. ಆಕ್ಟಿವೇಟೆಡ್ ಕಾರ್ಬನ್ ಬೇಡ, ಟ್ಯಾನಿನ್ನನ್ನೇ ಹೀರಿಬಿಡುತ್ತದೆ. ಸುಣ್ಣಕಲ್ಲು, ಚಿಪ್ಪು ಸೇರಿಸಿದರೆ ಗಡಸು ಮತ್ತೆ ಏರುತ್ತದೆ. ಕಾಡುಬಾದಾಮಿ ಎಲೆ ತಾನಾಗಿ ಉದುರಿ ಪೂರ್ತಿ ಒಣಗಿದ್ದೇ ಆಗಬೇಕು. ರಸ್ತೆಬದಿಯ ಹೊಗೆ ಕುಡಿದದ್ದೂ ಔಷಧ ಹೊಡೆದದ್ದೂ ಬೇಡ. ಕುದಿನೀರು ಹೊಯ್ದು ತೊಳೆದು, 20 ಲೀಟರಿಗೆ ಒಂದರಂತೆ ಹಾಕಿ. ನರಗಳಷ್ಟೇ ಉಳಿದಾಗ ಹೊಸದನ್ನು ಸೇರಿಸಿ. ಹಸಿರೆಲೆ ಕೊಳೆತು ಆಮ್ಲಜನಕ ತಿನ್ನುತ್ತದೆ. ಚಿಕ್ಕ ಬಾಯಿಗೆ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿ) ಮರಿ ಹೊಂದುತ್ತದೆ.

ಮೀನು ಸಾಯುವುದು ಹೆಚ್ಚಾಗಿ ಅವಸರದಿಂದ. ಪಿಎಚ್ 6ಕ್ಕಿಂತ ಕೆಳಗೆ, ಮೀನಿನ ತ್ಯಾಜ್ಯದ ಅಮೋನಿಯಾವನ್ನು ಅರಗಿಸುವ ನೈಟ್ರಿಫೈಯಿಂಗ್ ಬ್ಯಾಕ್ಟೀರಿಯಾ ನಿಧಾನವಾಗುತ್ತವೆ; ತ್ಯಾಜ್ಯ ಅಮೋನಿಯಂ ರೂಪದಲ್ಲಿ ಉಳಿಯುತ್ತದೆ, ಅದರಿಂದ ಅಷ್ಟು ಅಪಾಯವಿಲ್ಲ. 'ನೀರು ಕೊಳಕಾಗಿದೆ' ಎಂದು ಅರ್ಧ ತೊಟ್ಟಿ ಬರಿದುಮಾಡಿ ಪಿಎಚ್ 8ರ ನಲ್ಲಿ ನೀರು ತುಂಬಿದಿರೋ, ಅದೇ ಅಮೋನಿಯಂ ವಿಷಕಾರಿ ಅಮೋನಿಯಾ ಆಗುತ್ತದೆ. ವಾರಕ್ಕೆ ಶೇ. 10ರಷ್ಟು ಬದಲಿಸಿ, ಅದೂ ಅದೇ ಮೆದು ನೀರಿನಿಂದ.