ಕಾಂಪೌಂಡ್ ಹೆಸರು ಬರೆಯೋದು: ಎಲ್ಲಿ ಡೈ-ಟ್ರೈ, ಎಲ್ಲಿ ರೋಮನ್ ಅಂಕಿ

ಇನಾರ್ಗ್ಯಾನಿಕ್ ಕಾಂಪೌಂಡ್ ಹೆಸರೆಲ್ಲ ಬಾಯಿಪಾಠ ಮಾಡ್ತೀನಿ ಅಂತ ಕೂತ್ರೆ ಮುಗಿಯೋದೇ ಇಲ್ಲ. ಫಾರ್ಮುಲಾ ಕಂಡ ತಕ್ಷಣ ನೋಡ್ಬೇಕಾದ್ದು ಒಂದೇ, ಅದರಲ್ಲಿ ಮೆಟಲ್ ಇದೆಯಾ ಇಲ್ವಾ. ನಾನ್‌ಮೆಟಲ್ ಜೊತೆ ನಾನ್‌ಮೆಟಲ್ ಇದ್ರೆ ಎಣಿಸಿ ಹೇಳೋದು: ಎರಡು ನೈಟ್ರೋಜನ್, ನಾಲ್ಕು ಆಕ್ಸಿಜನ್, ಡೈನೈಟ್ರೋಜನ್ ಟೆಟ್ರಾಕ್ಸೈಡ್. ಮೆಟಲ್ ಇದ್ರೆ ಎಣಿಸೋ ಹಾಗಿಲ್ಲ. ಕ್ಯಾಲ್ಸಿಯಂ ಪಕ್ಕ ಎರಡು ಕ್ಲೋರಿನ್ ಇದ್ರೂ ಬರೀ ಕ್ಯಾಲ್ಸಿಯಂ ಕ್ಲೋರೈಡ್, ಯಾಕಂದ್ರೆ ಕ್ಯಾಲ್ಸಿಯಂ ಚಾರ್ಜ್ ಪ್ಲಸ್ 2, ಕ್ಲೋರಿನ್‌ದು ಮೈನಸ್ 1, ಎರಡು ಕ್ಲೋರಿನ್ ಬೇಕೇ ಬೇಕು, ಬಾಯಿಬಿಟ್ಟು ಹೇಳೋದೇನೂ ಬೇಡ.

ಅಡಿಕೆ ತೋಟದವರು ಸುಣ್ಣದ ಜೊತೆ ಸೇರಿಸಿ ಬೋರ್ಡೋ ಹೊಡೀತಾರಲ್ಲ, ಆ ಮೈಲುತುತ್ತದ ಪೂರ್ತಿ ಹೆಸರು ಕಾಪರ್ ಟೂ ಸಲ್ಫೇಟ್ ಪೆಂಟಾಹೈಡ್ರೇಟ್. ಇಲ್ಲಿ ಮೆಟಲ್ ಇದ್ರೂ ಪೆಂಟಾ ಯಾಕೆ ಬಂತು ಅಂದ್ರೆ ಅದು ಹರಳೊಳಗಿರೋ ಐದು ನೀರಿನ ಲೆಕ್ಕ ಅಷ್ಟೇ, ಕಾಯಿಸಿದ್ರೆ ನೀರು ಹೋಗಿ ನೀಲಿ ಬಣ್ಣಾನೂ ಹೋಗುತ್ತೆ, ಹೆಸರಲ್ಲಿರೋ ಪೆಂಟಾನೂ ಹೋಗುತ್ತೆ.

ಆ ಟೂ ಇದೆಯಲ್ಲ, ಅಲ್ಲೇ ಜಾಸ್ತಿ ಜನ ಮಾರ್ಕ್ಸ್ ಕಳ್ಕೊಳ್ಳೋದು. ಅದು ಎಷ್ಟು ಕಾಪರ್ ಇದೆ ಅಂತಲ್ಲ, ಕಾಪರ್ ಮೇಲಿರೋ ಚಾರ್ಜ್. ಕ್ಯಾಲ್ಸಿಯಂ ಥರ ಕಾಪರ್‌ಗೆ ಒಂದೇ ಚಾರ್ಜ್ ಅಲ್ಲ, ಅದಕ್ಕೇ ಯಾವುದು ಅಂತ ಹೇಳ್ಬೇಕು. ಜರ್ಮನಿಯ ಆಲ್‌ಫ್ರೆಡ್ ಸ್ಟಾಕ್ 1919ರಲ್ಲಿ ಸೂಚಿಸಿದ ಪದ್ಧತಿ ಇದು, ಬರೆಯುವಾಗ ಬ್ರ್ಯಾಕೆಟ್ಟಲ್ಲಿ ರೋಮನ್ ಅಂಕಿ ಹಾಕ್ತೀವಿ. ಎರಡು ಐರನ್ ಮೂರು ಆಕ್ಸಿಜನ್ ಇರೋದನ್ನ ತಗೊಳ್ಳಿ, ಒಂದು ಆಕ್ಸಿಜನ್‌ಗೆ ಮೈನಸ್ 2, ಮೂರಕ್ಕೆ ಮೈನಸ್ 6, ಅದನ್ನ ಸರಿದೂಗಿಸೋಕೆ ಎರಡು ಐರನ್ ಸೇರಿ ಪ್ಲಸ್ 6, ಒಂದಕ್ಕೆ 3, ಐರನ್ ತ್ರೀ ಆಕ್ಸೈಡ್. ಫೆರಸ್, ಫೆರಿಕ್ ಅಂತ ಲ್ಯಾಬ್ ಬಾಟಲಿ ಮೇಲೆ ಇರೋದು ಹಳೇ ಹೆಸರು, ಫೆರಸ್ ಅಂದ್ರೆ 2, ಫೆರಿಕ್ ಅಂದ್ರೆ 3.

ಈ ಲೆಕ್ಕ ಕಣ್ಮುಚ್ಚಿ ಎಲ್ಲಾ ಕಡೆ ಹಾಕ್ಬೇಡಿ. ಒಂದು ಮ್ಯಾಂಗನೀಸ್ ಎರಡು ಆಕ್ಸಿಜನ್ ಅಂದ್ರೆ ಮ್ಯಾಂಗನೀಸ್ ಫೋರ್ ಆಕ್ಸೈಡ್, ಸರಿ. ಅದೇ ಥರ ಒಂದು ಬೇರಿಯಂ ಎರಡು ಆಕ್ಸಿಜನ್ ಬಂದ್ರೆ? ಬೇರಿಯಂ ಪ್ಲಸ್ 2 ದಾಟಲ್ಲ, ಹಾಗಾಗಿ ಎರಡೂ ಆಕ್ಸಿಜನ್ ಸೇರಿ ಮೈನಸ್ 2 ಆಗಿರ್ಬೇಕು, ಅದು ಬೇರಿಯಂ ಪೆರಾಕ್ಸೈಡ್.

ಸಲ್ಫೈಟ್, ಸಲ್ಫೇಟ್ ಅಂತ ಹೆಸರಿನ ಕೊನೇಲಿ ಬರೋ ಐಟ್, ಏಟ್ ವಿಷಯಕ್ಕೆ ಬಂದ್ರೆ ಏಟ್‌ನಲ್ಲಿ ಆಕ್ಸಿಜನ್ ಒಂದು ಜಾಸ್ತಿ, ಅಷ್ಟೇ. ಸಲ್ಫೇಟ್‌ಗೆ 4, ನೈಟ್ರೇಟ್‌ಗೆ 3, ಇದನ್ನ ಮಾತ್ರ ಉರುಹೊಡೀಲೇಬೇಕು, ಬೇರೆ ದಾರಿ ಇಲ್ಲ.

ಮೂರು ಐರನ್ ನಾಲ್ಕು ಆಕ್ಸಿಜನ್ ಕೊಟ್ರೆ ಒಂದು ಐರನ್‌ಗೆ 8/3 ಅಂತ ಭಿನ್ನರಾಶಿ ಬರುತ್ತೆ, ಲೆಕ್ಕ ತಪ್ಪಾಯ್ತು ಅಂತ ಹೊಡೆದುಹಾಕ್ಬೇಡಿ, ಅದರಲ್ಲಿ ಒಂದು ಐರನ್ ಪ್ಲಸ್ 2, ಉಳಿದೆರಡು ಪ್ಲಸ್ 3, ಬ್ರ್ಯಾಕೆಟ್ಟಲ್ಲಿ ಎರಡೂ ಅಂಕಿ ಬರೀಬೇಕು.