ಮಕ್ಕಳ ಬ್ಯಾಗಿಗೆ ಕೈ ಹಾಕುವ ಅಧಿಕಾರ ಎಲ್ಲಿಂದ ಬಂತು?

ಹಾಸನ, ಚಿಕ್ಕಮಗಳೂರು ಕಡೆ ಮಗನನ್ನು ಶಾಲೆಗೆ ಸೇರಿಸುವಾಗ ಅಪ್ಪಂದಿರು ಹೇಳುತ್ತಿದ್ದ ಮಾತು, “ನಿಮ್ ಹುಡ್ಗ ಅನ್ಕೊಳಿ ಮೇಷ್ಟ್ರೇ, ತಪ್ಪು ಮಾಡಿದ್ರೆ ನಾಲ್ಕು ಬಿಡಿ.” ಹೊಡೆಯುವ ಅಧಿಕಾರವೇ ಬಾಯಿಮಾತಿನಲ್ಲಿ ಸಿಕ್ಕಮೇಲೆ ಬ್ಯಾಗು ತಡಕಲು ಅಪ್ಪಣೆ ಯಾರು ಕೇಳುತ್ತಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿತು. ಬೆತ್ತ ಬೀರು ಸೇರಿತು. ತಪಾಸಣೆ ಮಾತ್ರ ಹಾಗೇ ಉಳಿಯಿತು.

ಖಾಸಗಿತನ ಮೂಲಭೂತ ಹಕ್ಕಲ್ಲ ಎಂಬ ಧಾಟಿಯಲ್ಲಿ 1954ರಲ್ಲಿ ಮಾತಾಡಿದ್ದ ಸುಪ್ರೀಂ ಕೋರ್ಟ್, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ ಅದು ಹಕ್ಕೇ ಎಂದಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆ ತೀರ್ಪು ಹಾಸ್ಟೆಲುಗಳ ಟ್ರಂಕಿನ ತನಕ ಬಂದಂತಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ತೋಟದ ಲೈನ್‌ಮನೆಯಿಂದ ವಸತಿ ಶಾಲೆಗೆ ಬರುವ ಹುಡುಗಿಗೆ ಸ್ವಂತದ್ದು ಎಂದರೆ ಆ ತಗಡಿನ ಟ್ರಂಕೊಂದೇ. ಅದರಲ್ಲಿ ಎರಡು ಜೊತೆ ಬಟ್ಟೆ, ಉಪ್ಪಿನಕಾಯಿ ಬಾಟಲಿ, ಮುಟ್ಟಿನ ಬಟ್ಟೆ ಇಲ್ಲವೇ ಪ್ಯಾಡು, ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಯಾರಿಗೂ ತೋರಿಸದೆ ಬರೆದದ್ದು. ಯಾರದೋ ನೂರು ರೂಪಾಯಿ ಕಳೆದರೆ ಇಡೀ ಕೋಣೆಯ ಬೀಗ ತೆಗೆಸಿ ಎಲ್ಲವನ್ನೂ ನೆಲಕ್ಕೆ ಸುರಿಸುತ್ತಾರೆ. ದುಡ್ಡು ಸಿಗಬಹುದು, ಸಿಗದಿರಬಹುದು. ಹಾಳೆಯನ್ನಂತೂ ಯಾರಾದರೂ ಗಟ್ಟಿಯಾಗಿ ಓದಿರುತ್ತಾರೆ. ನೂರಾರು ಮಕ್ಕಳನ್ನು ಒಬ್ಬರೇ ಕಾಯುವ ವಾರ್ಡನ್ನಿನ ಭಯವೂ ಸುಳ್ಳಲ್ಲ. ಏನಾದರೂ ಆದರೆ ಮೊದಲು ನೋಟಿಸ್ ಬರುವುದು ಅವರಿಗೇ.

2022ರ ನವೆಂಬರಿನಲ್ಲಿ ಬೆಂಗಳೂರಿನ ಕೆಲ ಶಾಲೆಗಳಲ್ಲಿ ಮೊಬೈಲ್ ಹುಡುಕಲು ಹೋದವರಿಗೆ ಸಿಗರೇಟು, ಲೈಟರು, ಕಾಂಡೋಮ್ ಸಿಕ್ಕವೆಂಬ ಸುದ್ದಿ ದೇಶವೆಲ್ಲ ಸುತ್ತಿತು. ಬ್ಯಾಗಲ್ಲಿ ಏನಿತ್ತು ಎಂದು ವಾರಗಟ್ಟಲೆ ಚರ್ಚೆಯಾಯಿತು. ಬ್ಯಾಗು ತೆಗೆಸಿದ್ದು ಹೇಗೆ, ಯಾರ ಎದುರು, ಅಪ್ಪ ಅಮ್ಮಂದಿರಿಗೆ ತಿಳಿಸಿದ್ದು ಯಾವಾಗ ಎಂಬುದು ಅಷ್ಟು ರುಚಿಸುವ ವಿಷಯವಲ್ಲವಲ್ಲ! 2025ರ ಸಿಇಟಿಯಲ್ಲಿ ಜನಿವಾರ ತೆಗೆಸಿದ ಗದ್ದಲವಾದಾಗಲಷ್ಟೇ ತಪಾಸಣೆಯ ರೀತಿನೀತಿ ಮಾತಿಗೆ ಬಂತು.

ಅಮೆರಿಕದಲ್ಲಿ ಈ ಜಗಳ ಬೇಗನೇ ಕೋರ್ಟು ಹತ್ತಿತ್ತು. ಸಕಾರಣ ಅನುಮಾನವಿದ್ದರೆ ಶಾಲೆ ಬ್ಯಾಗು ನೋಡಬಹುದು, ವಾರಂಟ್ ಬೇಡ ಎಂದು 1985ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ನೋವಿನ ಮಾತ್ರೆಗಾಗಿ 13ರ ಹುಡುಗಿಯ ಒಳಉಡುಪಿನವರೆಗೆ ಹೋದದ್ದು ತಪ್ಪೆಂದು 2009ರಲ್ಲಿ ಗೆರೆ ಎಳೆಯಿತು. ನಮ್ಮಲ್ಲಿ ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ, ಮರ್ಯಾದೆಗೆ ಕುಂದಾಗದಂತೆ ಮಾಡಬೇಕೆಂಬ ನಿಯಮವಿರುವುದು ಪೊಲೀಸರ ತಪಾಸಣೆಗೆ; ಕ್ರಿಮಿನಲ್ ಪ್ರಕ್ರಿಯಾ ಕಾನೂನಿನಲ್ಲಿ. ಮೇಷ್ಟ್ರು ಪೊಲೀಸರಲ್ಲ. ಹಾಗಾಗಿ ಆ ಅಧಿಕಾರವೂ ಅವರಿಗಿಲ್ಲ, ಆ ಕಟ್ಟುಪಾಡೂ ಅವರನ್ನು ನೇರವಾಗಿ ತಟ್ಟುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆ ಮಗುವಿನ ಖಾಸಗಿತನವನ್ನು ತತ್ವವಾಗಿ ಒಪ್ಪಿದೆ. ಸ್ಟಾಫ್‌ರೂಮಿನಲ್ಲಿ ಅದನ್ನು ಪಾಲಿಸುವ ಬಗೆ ಹೇಳಿಲ್ಲ.

ಈಗ ಬ್ಯಾಗಿಗಿಂತ ಅದರಲ್ಲಿ ಸಿಗುವ ಮೊಬೈಲಿನದೇ ತಲೆನೋವು. ಕಿತ್ತಿಟ್ಟು ಸಂಜೆ ಪೋಷಕರ ಕೈಗೆ ಕೊಡುವುದು ಒಂದು. ಪಾಸ್‌ವರ್ಡ್ ಹೇಳಿಸಿ ಗ್ಯಾಲರಿ, ವಾಟ್ಸ್‌ಆ್ಯಪ್ ನೋಡುವುದು ಬೇರೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಕೇಳುತ್ತದೆ. ಟ್ರಂಕಿನೊಳಗಿನ ಕಾಗದ ಡಿಜಿಟಲ್ ಅಲ್ಲವಾದ್ದರಿಂದ ಅದರ ಲೆಕ್ಕಕ್ಕೇ ಬರುವುದಿಲ್ಲ.