ವೀಚಾಟ್‌ನಲ್ಲಿ ಅಗ್ಗಕ್ಕೆ ಸಿಗುವ ಪೌಂಡ್ ತಗೋಬಹುದಾ?

ಪ್ರಶ್ನೆ: ನಾನು ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದೇನೆ. ನನ್ನ ಜೊತೆ ಮನೆಯಲ್ಲಿರುವ ಹುಡುಗಿ ಚೀನಾದವಳು. ಅವಳ ಗೆಳೆಯರು ವೀಚಾಟ್ (ಚೀನಾದವರ ವಾಟ್ಸಾಪ್ ಇದ್ದ ಹಾಗೆ) ಗ್ರೂಪಿನಲ್ಲಿ ಚೀನಾದ ಯುವಾನ್ ಕೊಟ್ಟು ಪೌಂಡ್ ತಗೊಳ್ಳುತ್ತಾರಂತೆ. ಬ್ಯಾಂಕಿಗಿಂತ ಒಳ್ಳೆ ರೇಟು, ದುಡ್ಡೂ ಬೇಗ ಬರುತ್ತದಂತೆ. ಇವಳ ಬ್ಯಾಂಕ್ ಖಾತೆ ಇನ್ನೂ ಆಗಿಲ್ಲ. ‘ನಿನ್ನ ಖಾತೆಗೆ ಹಾಕಿಸಲಾ?’ ಅಂತ ಕೇಳಿದ್ದಾಳೆ. ಒಪ್ಪಿದರೆ ಏನಾದರೂ ತೊಂದರೆಯಾ?

ಉತ್ತರ: ತೊಂದರೆ ಇದೆ. ನಿಮ್ಮ ಖಾತೆಗಂತೂ ಬೇಡವೇ ಬೇಡ. ನಾಳೆ ಅವಳದೇ ಖಾತೆ ಆದ ಮೇಲೂ ಬೇಡ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ನಿಮಗೇ ಬೇಡ ಅನ್ನಿಸುತ್ತದೆ.

ಇದರಲ್ಲಿ ತುಂಬಾ ಜನರಿಗೆ ತಿಳಿಯದ ಒಂದು ವಿಷಯವಿದೆ. ಆ ಪೌಂಡ್ ಚೀನಾದಿಂದ ಬರುವುದೇ ಇಲ್ಲ. ಒಂದು ಲೆಕ್ಕ ನೋಡಿ. ಪೌಂಡಿಗೆ ಸುಮಾರು 9 ಯುವಾನ್ ಅಂತ ಇಟ್ಟುಕೊಳ್ಳೋಣ. ನಿಮ್ಮ ಗೆಳತಿಗೆ 5,000 ಪೌಂಡ್ ಬೇಕು. ಅವಳ ಅಪ್ಪ ಚೀನಾದಲ್ಲೇ ಇರುವ ಯಾವುದೋ ಖಾತೆಗೆ 45,000 ಯುವಾನ್ ಹಾಕುತ್ತಾರೆ. ಇತ್ತ ಬ್ರಿಟನ್‌ನಲ್ಲಿ ಡ್ರಗ್ಸ್ ಮಾರಿದವನೊಬ್ಬನ ಹತ್ತಿರ ನೋಟಿನ ಕಂತೆಗಳಿವೆ. ಅದನ್ನು ತನ್ನ ಹೆಸರಲ್ಲಿ ಬ್ಯಾಂಕಿಗೆ ಕಟ್ಟುವ ಹಾಗಿಲ್ಲ, ಸಿಕ್ಕಿಬೀಳುತ್ತಾನೆ. ವೀಚಾಟ್ ಗ್ರೂಪಿನಲ್ಲಿ ಪೌಂಡ್ ಮಾರುವ ದಲ್ಲಾಳಿಯ ಹುಡುಗರು ಆ ನೋಟುಗಳನ್ನು ತಂದು ನಿಮ್ಮ ಗೆಳತಿಯ ಖಾತೆಗೆ ಕಟ್ಟುತ್ತಾರೆ. ಅಲ್ಲಿ ಅಪ್ಪ ಹಾಕಿದ ಯುವಾನ್ ಡ್ರಗ್ಸ್‌ನವನ ಲೆಕ್ಕಕ್ಕೆ ಹೋಗುತ್ತದೆ. ಒಂದು ಪೈಸೆಯೂ ಗಡಿ ದಾಟಲಿಲ್ಲ, ಎರಡೂ ಕಡೆ ಲೆಕ್ಕ ಚುಕ್ತಾ. ನಮ್ಮವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಹವಾಲಾ ಅಂದರೆ ಸಾಕು.

ರೇಟು ಯಾಕೆ ಚೆನ್ನಾಗಿದೆ ಅನ್ನುವುದಕ್ಕೂ ಇಲ್ಲೇ ಉತ್ತರವಿದೆ. ಕಪ್ಪು ಹಣ ಬಿಳಿಯಾಗಲಿ ಅಂತ ಅದರ ಒಡೆಯ ಒಂದಿಷ್ಟು ಕಳೆದುಕೊಳ್ಳಲು ತಯಾರಿರುತ್ತಾನೆ. ಆ ನಷ್ಟದ ಒಂದು ಚೂರು ನಿಮ್ಮ ಗೆಳತಿಗೆ ಲಾಭವಾಗಿ ಕಾಣುತ್ತದೆ. ಶೇಕಡಾ 1 ಉಳಿಯಿತು ಅಂದುಕೊಂಡರೂ 5,000 ಪೌಂಡಿಗೆ 50 ಪೌಂಡ್. ಅಷ್ಟಕ್ಕೆ ಇಡೀ ವರ್ಷದ ಫೀಸು, ಬಾಡಿಗೆ ಇರುವ ಖಾತೆಯನ್ನು ಪಣಕ್ಕಿಟ್ಟ ಹಾಗೆ.

ಎಲ್ಲ ದಲ್ಲಾಳಿಗಳ ಹಿಂದೆಯೂ ಡ್ರಗ್ಸ್ ಇರುತ್ತದೆ ಅಂತಲ್ಲ. ಓದು ಮುಗಿಸಿ ಊರಿಗೆ ಹೊರಟವರು ಉಳಿದ ಪೌಂಡ್ ಕೊಟ್ಟು ಯುವಾನ್ ಪಡೆಯುವುದೂ ಉಂಟು. ಆದರೆ ಗ್ರೂಪಿನಲ್ಲಿ ಇವರು ಯಾರು, ಅವರು ಯಾರು ಅಂತ ಹೇಗೆ ಗೊತ್ತಾಗಬೇಕು? ಚೀನೀ ಭಾಷೆಯಲ್ಲಿ ನಗುನಗುತ್ತಾ ಮಾತಾಡಿದ ಮಾತ್ರಕ್ಕೆ ನಂಬಿಕಸ್ಥ ಆಗುವುದಿಲ್ಲ ಅಲ್ವಾ? ಮೇಲಾಗಿ ಬ್ಯಾಂಕಿನ ಹೊರಗೆ ಹೀಗೆ ಕರೆನ್ಸಿ ಬದಲಾಯಿಸುವುದು ಚೀನಾದ ಕಾನೂನಿನಲ್ಲೇ ತಪ್ಪು.

2019ರಲ್ಲಿ ಬ್ರಿಟನ್‌ನ ನ್ಯಾಷನಲ್ ಕ್ರೈಮ್ ಏಜೆನ್ಸಿ ಒಂದೇ ಸಲಕ್ಕೆ 95 ಖಾತೆಗಳನ್ನು ಫ್ರೀಜ್ ಮಾಡಿಸಿತು. ಅವುಗಳಲ್ಲಿ ಇದ್ದದ್ದು ಸುಮಾರು 36 ಲಕ್ಷ ಪೌಂಡ್. ಖಾತೆದಾರರಲ್ಲಿ ಹೆಚ್ಚಿನವರು ವಿದೇಶಿ ವಿದ್ಯಾರ್ಥಿಗಳು, ಅದರಲ್ಲೂ ಚೀನಾದವರು. ಗುರುತು ಹಿಡಿಯುವುದು ಕಷ್ಟವಲ್ಲ. ಹುಡುಗಿ ಓದುವುದು ಮ್ಯಾಂಚೆಸ್ಟರ್‌ನಲ್ಲಿ, ಅವಳ ಖಾತೆಗೆ ನಗದು ಬೀಳುವುದು ಅವಳು ಕಾಲೇ ಇಡದ ಊರುಗಳ ಬ್ರ್ಯಾಂಚುಗಳಲ್ಲಿ. ಅದೂ ಚಿಕ್ಕ ಚಿಕ್ಕ ಮೊತ್ತವಾಗಿ.

ಖಾತೆ ನಿಂತಾಗ ಬ್ಯಾಂಕಿನವರು ಕಾರಣ ಹೇಳುವುದಿಲ್ಲ. ತನಿಖೆ ಇದ್ದರೆ ಹೇಳುವ ಹಾಗೂ ಇಲ್ಲ. ಕೋರ್ಟು ಆದೇಶ ಕೊಟ್ಟರೆ ಎರಡು ವರ್ಷದವರೆಗೂ ದುಡ್ಡು ಮುಟ್ಟುವಂತಿಲ್ಲ. ಬೇಕೆಂದೇ ಖಾತೆ ಬಿಟ್ಟುಕೊಟ್ಟಿದ್ದಾರೆ ಅಂತ ಬ್ಯಾಂಕಿಗೆ ಅನ್ನಿಸಿದರೆ ವಂಚನೆ ತಡೆಯುವ ಸಿಫಾಸ್ ಎಂಬ ಸಂಸ್ಥೆಯ ಪಟ್ಟಿಗೆ ಹೆಸರು ಹೋಗುತ್ತದೆ. ಸಾಮಾನ್ಯವಾಗಿ 6 ವರ್ಷ ಅಲ್ಲೇ ಇರುತ್ತದೆ. ಅಷ್ಟೂ ದಿನ ಹೊಸ ಖಾತೆ, ಸಾಲ, ಕೊನೆಗೆ ಮೊಬೈಲ್ ಕಾಂಟ್ರ್ಯಾಕ್ಟಿಗೂ ಪರದಾಟ. ಕಪ್ಪು ಹಣ ಬಿಳಿ ಮಾಡಿದ ಅಪರಾಧಕ್ಕೆ ಅಲ್ಲಿ ಗರಿಷ್ಠ 14 ವರ್ಷ ಜೈಲು. ಗೊತ್ತಿಲ್ಲದೆ ಸಿಕ್ಕಿಕೊಂಡ ವಿದ್ಯಾರ್ಥಿಗೆ ಅಷ್ಟು ಆಗಲಿಕ್ಕಿಲ್ಲ. ಆದರೆ ‘ಗೊತ್ತಿರಲಿಲ್ಲ’ ಅಂತ ತೋರಿಸುವ ಕಷ್ಟ ಅವಳದೇ. ಅವಳ ಜಾಗದಲ್ಲಿ ನಿಮ್ಮ ಖಾತೆ ಇದ್ದರೆ ಆ ಕಷ್ಟ ನಿಮ್ಮದು.

ಅಪ್ಪನ ಕಡೆಯೂ ಸುರಕ್ಷಿತ ಅಲ್ಲ. ಅವರು ಯುವಾನ್ ಹಾಕಿದ ಅಪರಿಚಿತ ಖಾತೆ ಫೋನ್ ವಂಚಕರದ್ದಾಗಿದ್ದರೆ ಅಲ್ಲಿನ ಪೊಲೀಸರು ಅವರ ಕಾರ್ಡನ್ನೂ ನಿಲ್ಲಿಸಬಹುದು. ಚೀನೀ ವಿದ್ಯಾರ್ಥಿಗಳು ಇದಕ್ಕೆ ‘ದೊಂಗ್ ಕಾ’ ಅನ್ನುತ್ತಾರೆ, ಹೆಪ್ಪುಗಟ್ಟಿದ ಕಾರ್ಡು.

ಹಾಗಾದರೆ ಸರಿಯಾದ ದಾರಿ ಯಾವುದು? ಚೀನಾದಲ್ಲಿ ಒಬ್ಬರು ವರ್ಷಕ್ಕೆ 50,000 ಡಾಲರ್ ಮೌಲ್ಯದ ವಿದೇಶಿ ಕರೆನ್ಸಿ ಕೊಳ್ಳಬಹುದು. 2007ರಿಂದ ಇದೇ ಮಿತಿ. (ನಮ್ಮಲ್ಲಿ ಹೊರದೇಶಕ್ಕೆ ಕಳಿಸಲು ವರ್ಷಕ್ಕೆ 2,50,000 ಡಾಲರ್‌ವರೆಗೆ ಅವಕಾಶವಿದೆ. ಹಾಗಾಗಿ ಅವರ ಪೇಚಾಟ ನಮಗೆ ಬೇಗ ಅರ್ಥವಾಗುವುದಿಲ್ಲ.) ಬ್ರಿಟನ್‌ನ ಫೀಸು, ಬಾಡಿಗೆ, ಊಟ ಸೇರಿದರೆ 50,000 ದಾಟುವುದು ಸುಲಭ. ಆಗಲೇ ದಲ್ಲಾಳಿ ನೆನಪಾಗುವುದು. ಆದರೆ ಓದಿಗೆ ವಿನಾಯಿತಿ ಇದೆ. ಪ್ರವೇಶ ಪತ್ರ, ಫೀಸಿನ ನೋಟಿಸು, ಪಾಸ್‌ಪೋರ್ಟ್ ಮತ್ತು ವೀಸಾ ತೋರಿಸಿದರೆ ಬ್ಯಾಂಕು ಮಿತಿಗಿಂತ ಹೆಚ್ಚು ಕೊಡುತ್ತದೆ. ಕಾಗದ ಪತ್ರದ ರಗಳೆ ಅಂತ ಇದನ್ನು ಬಿಟ್ಟು ಗ್ರೂಪಿಗೆ ಹೋಗುವವರೇ ಜಾಸ್ತಿ.

ನೆಂಟರು, ನೆರೆಹೊರೆಯವರ ಹೆಸರಲ್ಲಿ ಚೂರು ಚೂರಾಗಿ ಕಳಿಸುವ ಉಪಾಯವನ್ನೂ ಯಾರಾದರೂ ಹೇಳಿಕೊಟ್ಟಾರು. ಚೀನೀಯರು ಇದನ್ನು ‘ಇರುವೆ ಮನೆ ಬದಲಾಯಿಸೋದು’ ಅನ್ನುತ್ತಾರೆ. ಹೆಸರು ಮುದ್ದಾಗಿದೆ, ಆದರೆ ಇದರ ಮೇಲೂ ಅಲ್ಲಿನ ಸರ್ಕಾರದ ಕಣ್ಣಿದೆ.

ಖಾತೆ ಆಗುವವರೆಗೆ ಏನು ಮಾಡಬೇಕು? ಫೀಸಿಗೆ ಅವಳ ಖಾತೆಯೇ ಬೇಕಿಲ್ಲ. ಫ್ಲೈವೈರ್, ಕನ್ವೇರಾದಂಥ ಕಂಪನಿಗಳ ಮೂಲಕ ಚೀನಾದಿಂದಲೇ ಯುವಾನ್‌ನಲ್ಲಿ ಕಟ್ಟಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಬಹಳ ಇವೆ. ಅವಳು ತನ್ನ ವಿಶ್ವವಿದ್ಯಾಲಯದ ಫೀಸಿನ ಪುಟ ನೋಡಲಿ. ಕೈಖರ್ಚಿಗೆ ಅವಳ ಚೀನಾದ ಬ್ಯಾಂಕಿನ ಯೂನಿಯನ್‌ಪೇ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯಬಹುದು. ಒಂದು ಕಾರ್ಡಿಗೆ ದಿನಕ್ಕೆ 10,000 ಯುವಾನ್, ಒಬ್ಬರಿಗೆ ವರ್ಷಕ್ಕೆ 1,00,000 ಯುವಾನ್ ಮಿತಿ. ಕೆಲವು ವಾರ ತಳ್ಳಲು ಅದು ಧಾರಾಳ.

ಒಂದು ವೇಳೆ ಗ್ರೂಪಿನ ದುಡ್ಡು ಈಗಾಗಲೇ ಬಂದುಬಿಟ್ಟಿದ್ದರೆ ಖರ್ಚು ಮಾಡಬೇಡಿ. ದಲ್ಲಾಳಿ ಹೇಳಿದ ಇನ್ನೊಂದು ಖಾತೆಗೆ ‘ವಾಪಸ್’ ಕಳಿಸಲೂ ಬೇಡಿ, ಅದು ಎರಡನೇ ತಪ್ಪಾಗುತ್ತದೆ. ವೀಚಾಟ್ ಮಾತುಕತೆ ಅಳಿಸಬೇಡಿ. ಅಪ್ಪ ಹಾಕಿದ ಯುವಾನ್‌ನ ರಸೀದಿ ತರಿಸಿಕೊಂಡು, ಸ್ಟೂಡೆಂಟ್ಸ್ ಯೂನಿಯನ್‌ನ ಸಲಹೆಗಾರರನ್ನು ಕಂಡು ಬ್ಯಾಂಕಿಗೆ ಹೇಳಿ. ಕೋರ್ಟಿನ ಕಾಗದ ಬಂದಿದ್ದರೆ ವಕೀಲರಿಲ್ಲದೆ ಹೋಗಬೇಡಿ. ಬಾಡಿಗೆ, ಊಟಕ್ಕೆ ಒಂದಿಷ್ಟು ಬಿಡಿಸಿಕೊಡಿ ಅಂತ ಅಲ್ಲಿ ಕೇಳಲು ಅವಕಾಶವಿದೆ. ಕೇಳಿದರೆ ಮಾತ್ರ.

ಗೆಳತಿಗೆ ಇಲ್ಲ ಅನ್ನುವುದು ಮುಜುಗರವೇ. ‘ನಿನ್ನನ್ನು ನಂಬುತ್ತೇನೆ, ಆ ನೋಟು ಕಟ್ಟುವವನನ್ನು ನಂಬಲ್ಲ’ ಅನ್ನಿ. ಆಮೇಲೆ ಇಬ್ಬರೂ ಕೂತು ಪ್ರವೇಶ ಪತ್ರ, ಫೀಸಿನ ನೋಟಿಸು, ಪಾಸ್‌ಪೋರ್ಟಿನ ಪ್ರತಿ ಮತ್ತು ವೀಸಾ ವಿವರ ಸೇರಿಸಿ ಅವಳ ಅಪ್ಪನಿಗೆ ಇವತ್ತು ರಾತ್ರಿಯೇ ಕಳಿಸಿ. ಚೀನಾ ಬ್ರಿಟನ್‌ಗಿಂತ ಬೇಸಿಗೆಯಲ್ಲಿ 7, ಚಳಿಗಾಲದಲ್ಲಿ 8 ಗಂಟೆ ಮುಂದಿದೆ. ನೀವು ಬೆಳಿಗ್ಗೆ ಎದ್ದು ಕಳಿಸಿದರೆ ಅಲ್ಲಿ ಬ್ಯಾಂಕು ಬಾಗಿಲು ಹಾಕುವ ಹೊತ್ತಾಗಿರುತ್ತದೆ.